ಕಥೆ ನಿಲ್ಲುವ ಜಾಗ

ಬೇಸಗೆಯಲ್ಲಿ ಹೊಸೂರಿನಿಂದ ಕೃಷ್ಣಗಿರಿಗೆ ಹೋಗುವ ಹೆದ್ದಾರಿಯನ್ನು ಬಿಟ್ಟು ಒಳದಾರಿ ಹಿಡಿದರೆ, ಅದೃಷ್ಟವಿದ್ದ ದಿನ ಯಾವುದೋ ಊರಾಚೆಯ ಬಯಲಲ್ಲಿ ಒಬ್ಬ ಮಣ್ಣಿನ ಮನುಷ್ಯ ಅಂಗಾತ ಮಲಗಿರುವುದು ಕಾಣುತ್ತದೆ. ಮನೆಯಷ್ಟು ಉದ್ದದ ಆಳು. ಮೈಗೆಲ್ಲ ಬಣ್ಣ, ಹುರಿಮೀಸೆ, ತಲೆಗೆ ಕಿರೀಟ. ಅವನು ದುರ್ಯೋಧನ. ದ್ರೌಪದಿಯಮ್ಮನ ಹಬ್ಬದ ಕಡೆಯ ದಿನ ಭೀಮನ ವೇಷದವನು ಬಂದು ಅವನ ತೊಡೆಗೆ ಗದೆ ಬೀಸುತ್ತಾನೆ. ಅಲ್ಲಿ ಹುದುಗಿಸಿಟ್ಟ ಕೆಂಪುನೀರು ಚಿಮ್ಮುತ್ತದೆ. ಸಭೆಯಲ್ಲಿ ಬಿಚ್ಚಿದ ಮುಡಿಯನ್ನು ದ್ರೌಪದಿ ಕಟ್ಟುವುದು ಆಗಲೇ. ಸಂಜೆ ಭಕ್ತರು ಕೊಂಡ ಹಾಯುತ್ತಾರೆ.

ಮೊಬೈಲುಗಳೆಲ್ಲ ಮೇಲೇಳುವುದು ಆ ಹೊತ್ತಿಗೆ. ನನಗೆ ಹೇಳಬೇಕಾಗಿರುವುದು ಅದಕ್ಕೂ ಹಿಂದಿನ ಹತ್ತು ಹದಿನೆಂಟು ಮಧ್ಯಾಹ್ನಗಳ ಸುದ್ದಿ. ಊಟ ಮುಗಿದು ಊರು ಮಂಪರಿನಲ್ಲಿರುವಾಗ ಗುಡಿಯ ಮುಂದಿನ ಚಪ್ಪರದಡಿ ಒಬ್ಬಾತ ಬಂದು ಕುಳಿತುಕೊಳ್ಳುತ್ತಾನೆ. ಮುಂದೊಂದು ಪುಸ್ತಕ, ಪಕ್ಕದಲ್ಲಿ ಹಾರ್ಮೋನಿಯಂ, ಮೃದಂಗ, ದನಿಗೂಡಿಸಲು ಇನ್ನೊಬ್ಬ. ಎದುರಿಗೆ ಮುದುಕಿಯರು, ಎಲೆ ಅಡಿಕೆ ಚೀಲದ ಯಜಮಾನರು, ರಜೆಯ ಮಕ್ಕಳು, ನೆರಳಿಗಾಗಿ ಬಂದ ನಾಯಿ. ಇವನೇ ಭಾರತ ಪ್ರಸಂಗಿ. ರಾತ್ರಿ ಕೂತ್ತಿನವರು ಬಣ್ಣ ಕಟ್ಟಿ ಕುಣಿಯುವ ಕಥೆಯನ್ನು ಮಧ್ಯಾಹ್ನ ಮಾತಿನಲ್ಲಿ ಬಿಡಿಸಿಡುವವನು ಅವನು. ಬಯಲಲ್ಲಿ ಮಲಗಿರುವ ಆ ದುರ್ಯೋಧನ ಊರಿನವರ ಪಾಲಿಗೆ ಬರೀ ಮಣ್ಣಾಗಿ ಉಳಿಯದಿದ್ದರೆ ಅದಕ್ಕೆ ಕಾರಣ ಈ ಮಧ್ಯಾಹ್ನಗಳು.

'ಪ್ರಸಂಗ' ಎನ್ನುವ ಪದವನ್ನೇ ನೋಡಿ. ಯಕ್ಷಗಾನ ಬಲ್ಲವರಿಗೆ ಪ್ರಸಂಗವೆಂದರೆ ಆಡುವ ಕಥಾಭಾಗ. ದ್ರೌಪದಿ ಗುಡಿಯ ಮುಂದೆ ಅದು ಕಥೆಯನ್ನು ವಿವರಿಸುವ ಮಾತು. ಪ್ರೊಟೆಸ್ಟೆಂಟ್ ಚರ್ಚಿನಲ್ಲಿ ಭಾನುವಾರದ ಬೋಧನೆಗೂ ಪ್ರಸಂಗವೆಂದೇ ಹೆಸರು. ಬೈಬಲಿನಲ್ಲಿ ಎಲ್ಲವೂ ವ್ಯರ್ಥವೆಂದು ಹೇಳುವ ಪುಸ್ತಕವೊಂದಿದೆಯಲ್ಲ, ಕನ್ನಡದಲ್ಲೂ ತಮಿಳಿನಲ್ಲೂ ಅದರ ಹೆಸರು 'ಪ್ರಸಂಗಿ'. ದೇವರು ಬೇರೆ, ಗ್ರಂಥ ಬೇರೆ. ಕಸುಬಿಗೆ ಮಾತ್ರ ಒಂದೇ ಹೆಸರು. ಮಸೀದಿಯಲ್ಲಿ ಅದಕ್ಕೆ ಬಯಾನ್ ಎನ್ನುತ್ತಾರೆ. ನಾಲ್ಕು ಮಾತು ಕಲೆತ ಈ ಸೀಮೆಯಲ್ಲಿ ಇದು ಆಶ್ಚರ್ಯವೇನಲ್ಲ. ಕೃಷ್ಣಗಿರಿಯ ಕಡೆಯ ಬಾರಾಮಹಲ್ 1792ರಲ್ಲಿ ಟಿಪ್ಪುವಿನ ಕೈತಪ್ಪಿ ಕಂಪನಿ ಸರಕಾರಕ್ಕೆ ಹೋಯಿತು, ಹೊಸೂರಿನ ಮೇಲುಸೀಮೆ 1799ರಲ್ಲಿ. ಮೊದಲು ಸೇಲಂ ಜಿಲ್ಲೆ, 1965ರಿಂದ ಧರ್ಮಪುರಿ, 2004ರಿಂದ ಕೃಷ್ಣಗಿರಿ. ಜಿಲ್ಲೆಯ ಹೆಸರು ಎಷ್ಟು ಬದಲಾದರೂ ತಳಿ, ದೇನ್ಕಣಿಕೋಟೆ, ಬಾಗಲೂರು, ಕೆಲಮಂಗಲದ ಮನೆಗಳಲ್ಲಿ ಕನ್ನಡ ತೆಲುಗುಗಳು ನಿಂತಿಲ್ಲ. ಪೇಟೆಯಲ್ಲಿ ತಮಿಳು, ಮೊಹಲ್ಲಾದಲ್ಲಿ ದಖನಿ ಉರ್ದು. ಇಲ್ಲಿ ಕಥೆ ಹೇಳುವವನು ತನ್ನ ಮಾತನ್ನು ಇನ್ನೊಂದು ಭಾಷೆಯ ಕಿವಿಯೂ ಕೇಳುತ್ತಿದೆ ಎಂಬ ಎಚ್ಚರದಲ್ಲೇ ಹೇಳಬೇಕು.

ಪ್ರಸಂಗಿಯ ಕೈಲಿರುವುದು ಸಾಮಾನ್ಯವಾಗಿ ವಿಲ್ಲಿಪುತ್ತೂರಾರರ ತಮಿಳು ಭಾರತ. ನಾಲ್ಕು ಸಾವಿರಕ್ಕೂ ಹೆಚ್ಚು ಪದ್ಯಗಳು, ಹತ್ತು ಪರ್ವ. ನಮ್ಮ ಗದುಗಿನ ನಾರಣಪ್ಪ, ಅಂದರೆ ಕುಮಾರವ್ಯಾಸನೂ, ಹತ್ತೇ ಪರ್ವಕ್ಕೆ ನಿಲ್ಲಿಸಿದ. ವಿಲ್ಲಿ ನಿಲ್ಲಿಸಿದ್ದು ಸೌಪ್ತಿಕದಲ್ಲಿ, ಕುಮಾರವ್ಯಾಸ ಗದಾಪರ್ವದಲ್ಲಿ. ಉಳಿದದ್ದನ್ನು ಕನ್ನಡದಲ್ಲಿ ತಿಮ್ಮಣ್ಣ ಕವಿ ಕೃಷ್ಣದೇವರಾಯನ ಕಾಲಕ್ಕೆ ಪೂರೈಸಿದ. ತಮಿಳಿನಲ್ಲಿ ವಿಲ್ಲಿಯ ಭಾರತವನ್ನು ಹದಿನೆಂಟನೆಯ ಶತಮಾನದಲ್ಲಿ ನಲ್ಲಾಪಿಳ್ಳೆ ಹಿಗ್ಗಿಸಿದ. ಹೆಣಗಳ ನಡುವೆ ಹೆಂಗಸರು ಅಳುತ್ತ ಅಲೆಯುವ ಸ್ತ್ರೀಪರ್ವದ ಮುಂಚೆಯೇ ಇಬ್ಬರು ದೊಡ್ಡ ಕವಿಗಳೂ ಲೇಖನಿ ಕೆಳಗಿಟ್ಟರು. ಎಲ್ಲಿ ನಿಲ್ಲಿಸಬೇಕು ಎನ್ನುವುದು ಕಥೆ ಹೇಳುವವರ ಹಳೆಯ ತಲೆನೋವು. ಪ್ರಸಂಗಿಯ ಕಸುಬೆಲ್ಲ ಇರುವುದು ಅದರಲ್ಲೇ ಎಂದು ನನ್ನ ನಂಬಿಕೆ.

ಅವನ ಕೆಲಸದ ಮೊದಲ ಹೆಜ್ಜೆ ಪದ್ಯವನ್ನು ರಾಗವಾಗಿ ಓದುವುದು. ಆಮೇಲೆ ಪದ ಬಿಡಿಸುತ್ತಾನೆ. ಹಳೆಯ ತಮಿಳಿನ ಸಂಧಿಗಳು ಸಡಿಲವಾಗುತ್ತವೆ, ಸಾಲಿನ ಕೊನೆಯಲ್ಲಿದ್ದ ಕರ್ತೃ ಮುಂದಕ್ಕೆ ಬರುತ್ತಾನೆ. ಇಷ್ಟು ಯಾವ ಪಂಡಿತನೂ ಮಾಡಿಯಾನು. ನಂತರದ್ದು ಕಷ್ಟ. ಕಥೆ ತನ್ನ ಪಾಡಿಗೆ ಓಡುತ್ತಿರುತ್ತದೆ. ಕೇಳುವವರಿಗೆ ಅದು ಮೊದಲೇ ಗೊತ್ತು. ಧರ್ಮರಾಯ ಸೋಲುತ್ತಾನೆಂದು ಎದುರಿಗಿರುವ ಆರು ವರ್ಷದ ಹುಡುಗಿಗೂ ಗೊತ್ತು. ಗೊತ್ತಿರುವ ಕಥೆಯನ್ನು ಮೂರು ಗಂಟೆ ಕೇಳಿಸಬೇಕಾದರೆ ಅದನ್ನು ಓಡಗೊಡದೆ ಹಿಡಿದು ನಿಲ್ಲಿಸಬೇಕು. ಎಲ್ಲೆಂದರಲ್ಲಿ ನಿಲ್ಲಿಸಿದರೆ ಜನ ಎದ್ದು ಹೋಗುತ್ತಾರೆ. ಗಂಟು ಇರುವ ಕಡೆ ನಿಲ್ಲಿಸಬೇಕು.

ದ್ಯೂತದ ದಿನವನ್ನೇ ತೆಗೆದುಕೊಳ್ಳಿ. ಧರ್ಮರಾಯ ರಾಜ್ಯ ಸೋತ, ತಮ್ಮಂದಿರನ್ನು ಸೋತ, ತನ್ನನ್ನೇ ಸೋತ. ಇನ್ನೂ ಒಬ್ಬಳು ಉಳಿದಿದ್ದಾಳಲ್ಲ ಎಂದು ಶಕುನಿ ನೆನಪಿಸಿದ. ಅವಳನ್ನೂ ಸೋತ. ಕರೆತರಲು ಬಂದ ಸೇವಕನಿಗೆ ದ್ರೌಪದಿ ಹೇಳಿ ಕಳುಹಿಸಿದ್ದು ಒಂದೇ ಪ್ರಶ್ನೆ: ಮೊದಲು ಸೋತದ್ದು ಯಾರನ್ನು, ತನ್ನನ್ನೋ ನನ್ನನ್ನೋ? ಪ್ರಸಂಗಿ ಪುಸ್ತಕ ಮುಚ್ಚುವುದು ಇಲ್ಲಿ. ಮೃದಂಗದವನು ಕೈ ಒರೆಸಿಕೊಳ್ಳುತ್ತಾನೆ. ಇನ್ನು ಒಂದು ಗಂಟೆ ಈ ಪ್ರಶ್ನೆಯೇ ಊರು.

ತನ್ನನ್ನು ತಾನೇ ಸೋತವನು ಆಳು. ಆಳಿಗೆ ಆಸ್ತಿ ಉಂಟೆ? ಇಲ್ಲವಾದರೆ ಒಡ್ಡಿದ ಪಣ ಸುಳ್ಳು, ದ್ರೌಪದಿ ಸ್ವತಂತ್ರೆ. ಹೌದಪ್ಪ, ಆದರೆ ಆಳಾದವನಿಗೆ ಹೆಂಡತಿ ಹೆಂಡತಿಯೇ ತಾನೆ? ಹಾಗಾದರೆ ಹೆಂಡತಿ ಆಸ್ತಿಯೆ? ಜಮೀನು ಮಾರಿದವನು ಮಾರಿದ ಮರುದಿನ ಅದೇ ಜಮೀನನ್ನು ಇನ್ನೊಬ್ಬನಿಗೆ ಅಡವಿಡುವ ವ್ಯವಹಾರ ಇಲ್ಲಿ ಕೂತವರಿಗೆ ಹೊಸದಲ್ಲ. ಪ್ರಸಂಗಿ ಅದನ್ನೂ ಎಳೆದು ತರುತ್ತಾನೆ. ಭೀಷ್ಮನನ್ನು ಕೇಳೋಣ ಎನ್ನುತ್ತಾನೆ. ಭೀಷ್ಮ ಧರ್ಮ ಸೂಕ್ಷ್ಮ ಎಂದು ಹೇಳಿ ತಲೆ ತಗ್ಗಿಸುತ್ತಾನೆ. ಸಭೆಯಲ್ಲಿ ಎದ್ದು ನಿಂತು ಇದು ತಪ್ಪೆಂದವನು ಯಾರು? ಕೌರವರ ಪೈಕಿಯೇ ಒಬ್ಬ, ವಿಕರ್ಣ. ಇಲ್ಲಿ ಪ್ರಸಂಗಿ ಗಂಡಸರ ಸಾಲನ್ನು ಒಮ್ಮೆ ನೋಡುತ್ತಾನೆ. ಮುದುಕಿಯರು ನಗುತ್ತಾರೆ.

ಈ ಕಸುಬಿನ ಗುಟ್ಟು ನನಗೆ ತೋರಿದ ಮಟ್ಟಿಗೆ ಹೀಗಿದೆ: ಉತ್ತರ ಹೇಳುವ ಆತುರ ಅವನಿಗಿಲ್ಲ. ವ್ಯಾಸನ ಸಭೆಯಲ್ಲೂ ಆ ಪ್ರಶ್ನೆಗೆ ನೇರ ಉತ್ತರ ಸಿಗಲಿಲ್ಲ. ಅಪಶಕುನಗಳಾದವು, ಧೃತರಾಷ್ಟ್ರ ಹೆದರಿ ವರ ಕೊಟ್ಟ, ಆಟ ಮುರಿಯಿತು. ಹೀಗೆ ಪ್ರಶ್ನೆ ಎತ್ತಿ ಬಿಡಿಸುವುದಕ್ಕೆ ಶಾಸ್ತ್ರದಲ್ಲಿ ಶಂಕೆ-ಸಮಾಧಾನ ಎನ್ನುತ್ತಾರೆ. ಒಳ್ಳೆಯ ಪ್ರಸಂಗಿಗೆ ಶಂಕೆ ಎತ್ತುವ ಸಾಮರ್ಥ್ಯ ಇರಬೇಕು. ಸಮಾಧಾನವನ್ನು ಕಡೆಯ ತನಕ ಮುಂದೂಡುವ ತಾಳ್ಮೆಯೂ ಇರಬೇಕು. ಮಧ್ಯೆ ಬೇಸರವಾಗದಂತೆ ಉಪಕಥೆ. ನಳನೂ ಜೂಜಾಡಿದ, ಹರಿಶ್ಚಂದ್ರನೂ ಹೆಂಡತಿಯನ್ನು ಮಾರಿದ. ಉಪಕಥೆಗೆ ಹೋದವನು ಬಿಟ್ಟ ಕಡೆಗೇ ಹಿಂದಿರುಗಬೇಕು. ಕೆಟ್ಟ ಪ್ರಸಂಗಿ ನಳನ ಅಡುಗೆಮನೆಯಲ್ಲಿ ಕಳೆದುಹೋಗುತ್ತಾನೆ. ಅಂಥವರೂ ಇದ್ದಾರೆ, ಧ್ವನಿವರ್ಧಕ ಬಂದ ಮೇಲೆ ಅವರ ಸಂಖ್ಯೆ ಹೆಚ್ಚಿದೆ ಎಂದು ನನ್ನ ಗುಮಾನಿ.

ಕನ್ನಡದ ಗಮಕದಲ್ಲಿ ಇದೇ ಕೆಲಸವನ್ನು ಇಬ್ಬರು ಹಂಚಿಕೊಳ್ಳುತ್ತಾರೆ. ವಾಚಕರು ಭಾಮಿನಿ ಷಟ್ಪದಿಯನ್ನು ರಾಗದಲ್ಲಿ ಹಾಡುತ್ತಾರೆ, ವ್ಯಾಖ್ಯಾನಕಾರರು ಅರ್ಥ ಹೇಳುತ್ತಾರೆ. ಹಾಡುವವರು ಎಲ್ಲಿ ನಿಲ್ಲಿಸುತ್ತಾರೋ ಅಲ್ಲಿಂದ ಮಾತು ಶುರುವಾಗಬೇಕು. ಇಬ್ಬರ ಉಸಿರು ಹೊಂದದಿದ್ದರೆ ಪದ್ಯ ಒಂದು ದಾರಿ, ಅರ್ಥ ಇನ್ನೊಂದು. ಶಿವಮೊಗ್ಗದ ಬಳಿಯ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಈ ಜೋಡಿ ಕಲೆಗೆ ಒಂದಿಷ್ಟು ಬೆಳಕು ಬಿತ್ತು. ಹೊಸೂರು ಸೀಮೆಯ ಪ್ರಸಂಗಿ ಎರಡೂ ಪಾತ್ರವನ್ನು ಒಬ್ಬನೇ ಹೊರುತ್ತಾನೆ. ಜೊತೆಗೆ ರಾತ್ರಿ ಕೂತ್ತಿನವರು ಯಾವ ಭಾಗ ಆಡುತ್ತಾರೆಂದು ನೋಡಿಕೊಂಡು, ಅದಕ್ಕೆ ಸರಿಯಾಗಿ ಕಥೆಯನ್ನು ತಂದು ನಿಲ್ಲಿಸುವ ಲೆಕ್ಕವೂ ಅವನದೇ.

ಯಾರು ಎಲ್ಲಿ ನಿಲ್ಲುತ್ತಾರೆ ಎಂಬುದನ್ನು ನೋಡಿದರೆ ಕೇಳುವ ಜನ ಯಾರೆಂದು ತಿಳಿದುಬಿಡುತ್ತದೆ. ಕರ್ಣನನ್ನು ನೋಡಿ. ಕನ್ನಡದ ಕೇಳುಗನ ಕಣ್ಣಲ್ಲಿ ನೀರು ಬರುವುದು ಉದ್ಯೋಗಪರ್ವದಲ್ಲಿ, ನೀನು ಕುಂತಿಯ ಮಗನೆಂದು ಕೃಷ್ಣ ಹುಟ್ಟಿನ ಗುಟ್ಟು ಹೇಳಿದಾಗ. ರಾಜ್ಯ ಸಿಗುವ ಹೊತ್ತಿಗೆ ದುರ್ಯೋಧನನ ಋಣ ನೆನೆದು ಕರ್ಣ ಕೊರಗುತ್ತಾನೆ. ವಿಲ್ಲಿಭಾರತ ಕೇಳುವವರು ಅಳುವುದು ಆಮೇಲೆ, ಯುದ್ಧಭೂಮಿಯಲ್ಲಿ. ಬಾಣ ನಾಟಿ ಬಿದ್ದ ಕರ್ಣನ ಬಳಿಗೆ ಕೃಷ್ಣ ಬ್ರಾಹ್ಮಣನಾಗಿ ಬಂದು ಅವನ ಪುಣ್ಯವನ್ನೇ ದಾನ ಬೇಡುತ್ತಾನೆ; ಕರ್ಣ ತನ್ನ ನೆತ್ತರನ್ನೇ ನೀರಾಗಿ ಎರೆದು ಕೊಟ್ಟುಬಿಡುತ್ತಾನೆ. ವ್ಯಾಸನಲ್ಲಿ ಇದಿಲ್ಲ. ಅರ್ಜುನನ ಮಗ ಇರಾವಂತ ವ್ಯಾಸನಲ್ಲಿ ಎಂಟನೆಯ ದಿನ ಹೋರಾಡಿ ಸಾಯುತ್ತಾನೆ. ತಮಿಳಿನಲ್ಲಿ ಅವನೇ ಅರವಾನ್, ಯುದ್ಧಕ್ಕೆ ಮುಂಚೆ ಕಾಳಿಗೆ ತನ್ನನ್ನು ತಾನೇ ಬಲಿ ಕೊಟ್ಟುಕೊಂಡವನು. ಕನ್ನಡದ ಆದಿಕವಿ ಪಂಪ ಜೈನ; 941ರ ಸುಮಾರಿಗೆ ಬರೆದ ತನ್ನ ಭಾರತದಲ್ಲಿ ದ್ರೌಪದಿಗೆ ಒಬ್ಬನೇ ಗಂಡ, ಅರ್ಜುನ. ಪಂಪ ಕಥೆಯನ್ನು ಕೆಡಿಸಿದನೆ? ಹಾಗೆಂದವರನ್ನು ನಾನು ಕಂಡಿಲ್ಲ. ಅವನ ಮತ, ಅವನ ಅರಸ, ಅವನ ಕಾಲ ಎಲ್ಲಿ ಒಪ್ಪಲಿಲ್ಲವೋ ಅಲ್ಲಿ ಅವನು ಕಥೆಯನ್ನು ಮಡಚಿದ.

ಮಾತಿಗೆ ನಿಲುಕದ ಕಡೆ ಊರು ಮೈಯಿಂದಲೇ ಅರ್ಥ ಹೇಳಿಬಿಡುತ್ತದೆ. ಬಕಾಸುರನ ದಿನ ಅನ್ನದ ಬಂಡಿ ಬೀದಿ ಸುತ್ತುತ್ತದೆ, ಮನೆಮನೆಯವರು ಅದಕ್ಕೆ ಹಾಕುತ್ತಾರೆ. ಏಕಚಕ್ರಪುರವೆಂದರೆ ಅವತ್ತು ಇದೇ ಊರು. ಅರ್ಜುನನ ತಪಸ್ಸಿನ ದಿನ ನೆಟ್ಟ ಎತ್ತರದ ಮರಕ್ಕೆ ವೇಷಧಾರಿ ಪದ ಹೇಳುತ್ತ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾನೆ, ಮೇಲಿನಿಂದ ನಿಂಬೆಹಣ್ಣು, ವಿಭೂತಿ ಎಸೆಯುತ್ತಾನೆ; ಮಕ್ಕಳಿಲ್ಲದ ಹೆಂಗಸರು ಸೆರಗೊಡ್ಡಿ ಕೆಳಗಿರುತ್ತಾರೆ. ಪಾಶುಪತಾಸ್ತ್ರಕ್ಕಾಗಿ ಮಾಡಿದ ತಪಸ್ಸಿಗೂ ತೊಟ್ಟಿಲಿಗೂ ಏನು ಸಂಬಂಧ ಎಂದು ಪುಸ್ತಕ ಓದಿದವರು ಕೇಳಬಹುದು. ಬೇಡಿ ಕಾದವನಿಗೆ ಶಿವ ಕೊಟ್ಟ ಎನ್ನುವುದಷ್ಟೇ ಆ ಹೆಂಗಸರಿಗೆ ಬೇಕಾದ ಅರ್ಥ. ವಿರಾಟಪರ್ವ ಓದಿಸಿದರೆ ಮಳೆ ಬರುತ್ತದೆಂಬ ನಂಬಿಕೆ ಕನ್ನಡ, ತೆಲುಗು, ತಮಿಳು ಮೂರರಲ್ಲೂ ಇದೆ. ಯಾಕೆ ವಿರಾಟ? ಧರ್ಮರಾಯ ಅಡಗಿರುವ ನಾಡಿನಲ್ಲಿ ಮಳೆ ಬೆಳೆ ಸಮೃದ್ಧವಾಗಿರುತ್ತದೆ, ಹಾಗೆ ಹುಡುಕಿ ಎಂದು ಭೀಷ್ಮ ಕೌರವರಿಗೆ ಗುರುತು ಹೇಳುವುದು ಆ ಪರ್ವದಲ್ಲೇ. ಕವಿ ಕುರುಹಾಗಿ ಬರೆದದ್ದನ್ನು ರೈತ ಕಾರಣವಾಗಿ ಓದಿಕೊಂಡ. ಮಳೆ ನೆಚ್ಚಿದ ಈ ಕಲ್ಲುಗುಡ್ಡದ ಸೀಮೆಯಲ್ಲಿ ಅದನ್ನು ತಪ್ಪು ಓದು ಎನ್ನಲು ನನಗೆ ಧೈರ್ಯ ಸಾಲದು.

ದುರ್ಯೋಧನನ ಗತಿ ಇನ್ನೂ ವಿಚಿತ್ರ. ಪಡುಕಳದಲ್ಲಿ, ಅಂದರೆ ಯುದ್ಧಭೂಮಿಯಾದ ಆ ಬಯಲಲ್ಲಿ, ಬಿದ್ದ ಅವನನ್ನು ಹೆಂಗಸರ ವೇಷದವರು ಎದೆ ಬಡಿದುಕೊಂಡು ಗೋಳಾಡಿ ಅಳುತ್ತಾರೆ, ನಡುವೆ ಪೊರಕೆಯ ಏಟೂ ಬೀಳುತ್ತದೆ, ನಗೆಯೂ ಇರುತ್ತದೆ. ವಿಲ್ಲಿ ಬರೆಯದೆ ಬಿಟ್ಟ ಸ್ತ್ರೀಪರ್ವ ಇಲ್ಲಿ ಪುಸ್ತಕವಿಲ್ಲದೆಯೇ ನಡೆದುಹೋಗುತ್ತದೆ. ಎಲ್ಲ ಮುಗಿದ ಮೇಲೆ ಜನ ಆ ಮಣ್ಣಿನ ಮೈಯಿಂದ ಒಂದೊಂದು ಹಿಡಿ ಮಣ್ಣು ಮನೆಗೆ ಒಯ್ಯುತ್ತಾರೆ, ಕಣಜಕ್ಕೆ ಒಳ್ಳೆಯದೆಂದು. ಆಲ್ಫ್ ಹಿಲ್ಟೆಬೈಟೆಲ್ ಎಂಬ ಅಮೆರಿಕದ ವಿದ್ವಾಂಸರು ದ್ರೌಪದಿಯ ಆರಾಧನೆಯ ಬಗ್ಗೆಯೇ 1988 ಮತ್ತು 1991ರಲ್ಲಿ ಎರಡು ದಪ್ಪ ಸಂಪುಟ ಬರೆದರು. ಅಷ್ಟು ಬರೆದರೂ ಮುಗಿಯದಷ್ಟು ಸರಕು ಇದರಲ್ಲಿದೆ. ಗಡಿಯ ಈಚೆ, ಆನೇಕಲ್ಲಿನಲ್ಲೂ ಬೆಂಗಳೂರಿನಲ್ಲೂ ಇದೇ ದ್ರೌಪದಿ ಕರಗವಾಗಿ ತಲೆಯ ಮೇಲೇರುತ್ತಾಳೆ. ಬೆಂಗಳೂರು ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿಯೇ ಮುಂದುವರಿಯುವುದು.

ದರ್ಗಾದ ಮಾತು ಬಂತು, ಬಯಾನಿಗೆ ಬರೋಣ.

ಬಕ್ರೀದು ಹತ್ತಿರವಾದಾಗ ಕೃಷ್ಣಗಿರಿ ಬಳಿಯ ಕುಂದಾರಪಳ್ಳಿ ಸಂತೆಯಲ್ಲಿ ಆಡು ಕುರಿಗಳ ವ್ಯಾಪಾರ ಬಿರುಸಾಗುತ್ತದೆ. ಅದೇ ದಿನಗಳಲ್ಲಿ ಮಸೀದಿಗಳಲ್ಲಿ ಒಂದು ಕಥೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಶುಕ್ರವಾರದ ಅರಬ್ಬಿ ಖುತ್ಬಾಕ್ಕೆ ಮುಂಚೆ ಜನರ ಮಾತಿನಲ್ಲಿ ನಡೆಯುವ ಬಯಾನ್ ಅದಕ್ಕೆ ಜಾಗ. ಹಜರತ್ ಇಬ್ರಾಹಿಮರು ಕನಸು ಕಂಡರು: ಮಗನನ್ನು ಬಲಿ ಕೊಡುತ್ತಿರುವ ಕನಸು. ಕುರಾನಿನ 37ನೆಯ ಅಧ್ಯಾಯದಲ್ಲಿ ಈ ಕಥೆಗೆ ಕೆಲವೇ ವಾಕ್ಯಗಳು. ಮಗನ ಹೆಸರೂ ಅಲ್ಲಿಲ್ಲ. ಬಯಾನ್ ಮಾಡುವ ಆಲಿಮರು ನಿಲ್ಲುವುದು ಅಪ್ಪ ಮಗನನ್ನು ಕೇಳುವ ಕಡೆ. ಕನಸು ಹೀಗಿದೆ, ನೀನೇನು ಹೇಳುತ್ತಿ ಎಂದು ಇಬ್ರಾಹಿಮರು ಕೇಳುತ್ತಾರೆ. ಅಪ್ಪಣೆಯಾದಂತೆ ಮಾಡಿ, ದೇವರಿಚ್ಛೆಯಿದ್ದರೆ ನಾನು ತಾಳಿಕೊಳ್ಳುತ್ತೇನೆ ಎಂಬ ಅರ್ಥದ ಉತ್ತರ ಮಗನಿಂದ ಬರುತ್ತದೆ. ದೇವರ ಆಜ್ಞೆಯಿದ್ದ ಮೇಲೂ ಅಪ್ಪ ಮಗನ ಒಪ್ಪಿಗೆ ಕೇಳಿದ್ದೇಕೆ? ಈ ಗಂಟಿನಲ್ಲಿ ಗಂಟೆಗಟ್ಟಲೆ ನಿಲ್ಲಬಹುದು. ತಂದೆಯಾದವನ ಅಧಿಕಾರ, ಮಗನ ಸಬರ್ ಎಂಬ ತಾಳ್ಮೆ, ಕೆಡಿಸಲು ಬಂದ ಶೈತಾನ, ಅವನಿಗೆ ಎಸೆದ ಕಲ್ಲು, ಹಜ್ಜಿನಲ್ಲಿ ಇವತ್ತಿಗೂ ಎಸೆಯುವ ಕಲ್ಲು. ಮಗುವಿಗೆ ನೀರು ಹುಡುಕುತ್ತ ಸಫಾ ಮರ್ವಾ ಗುಡ್ಡಗಳ ನಡುವೆ ಓಡಿದ ಹಾಜಿರಾ ತಾಯಿ, ಅವಳ ಹೆಜ್ಜೆಯಲ್ಲೇ ಏಳು ಸಲ ನಡೆಯುವ ಯಾತ್ರಿಕರು. ಬಕಾಸುರನ ಬಂಡಿಗೆ ಅನ್ನ ಹಾಕುವವರಿಗೆ ಇದು ಹೊಸ ವಿಷಯವೆನಿಸದು. ಕಾಲು ಕಥೆ ಓದುವುದನ್ನು ಅವರೂ ಬಲ್ಲರು.

ಬಯಾನಿನ ಶಿಸ್ತು ಮಾತ್ರ ಬೇರೆ. ಪ್ರಸಂಗಿಗೆ ಇರುವಷ್ಟು ಹಗ್ಗ ಆಲಿಮರಿಗೆ ಇಲ್ಲ. ಯಾವ ಮಾತನ್ನು ಯಾರಿಂದ ಯಾರು ಕೇಳಿ ಹೇಳಿದರೆಂಬ ಸರಪಳಿ ಬೇಕು, ಕೊಂಡಿ ಸಡಿಲವಿದ್ದರೆ ಅದನ್ನು ಹೇಳಬೇಕು. ಮಗ ಯಾರೆಂಬುದರಲ್ಲೇ ಹಳೆಯ ವ್ಯಾಖ್ಯಾನಕಾರರಲ್ಲಿ ಒಮ್ಮತವಿರಲಿಲ್ಲ. 923ರಲ್ಲಿ ತೀರಿಕೊಂಡ ತಬರಿ ಇಸ್‌ಹಾಕ್ ಎಂಬ ಪಕ್ಷಕ್ಕೆ ವಾಲಿದರು. ಹದಿನಾಲ್ಕನೆಯ ಶತಮಾನದ ಇಬ್ನ್ ಕಸೀರ್ ಇಸ್ಮಾಯಿಲ್ ಎಂದು ವಾದಿಸಿದರು. ಇವತ್ತು ಹೆಚ್ಚಿನ ಮುಸ್ಲಿಮರು ಇಸ್ಮಾಯಿಲ್ ಎಂದೇ ಓದುತ್ತಾರೆ. ಎರಡೂ ಪಕ್ಷದ ಸರಪಳಿಗಳನ್ನು ತಬರಿ ಒಂದರ ಕೆಳಗೊಂದು ಬರೆದಿಟ್ಟು, ಆಮೇಲೆ ತಮ್ಮ ಅಭಿಪ್ರಾಯ ಹೇಳಿದರು. ಒಪ್ಪದ ಮಾತಿಗೂ ಪುಟದಲ್ಲಿ ಜಾಗ ಕೊಡುವ ಈ ಸಭ್ಯತೆ ನನಗೆ ಬಹಳ ಹಿಡಿಸುತ್ತದೆ.

ಇದೇ ಕಥೆ ಮೈಲಿ ದೂರದ ಚರ್ಚಿನಲ್ಲೂ ಇದೆ. ಈ ಸೀಮೆಗೆ ಕ್ರೈಸ್ತ ಬೋಧನೆ ಕನ್ನಡದ ಕಡೆಯಿಂದಲೂ ಬಂತು: ಇಟಲಿಯ ಜೆಸ್ವಿತ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ 1649ರಲ್ಲಿ ಶ್ರೀರಂಗಪಟ್ಟಣದಲ್ಲಿ ನೆಲೆಸಿ ಮೈಸೂರು ಮಿಷನ್ ಆರಂಭಿಸಿದರು, ಕನ್ನಡ ಕಲಿತು ಕನ್ನಡದಲ್ಲೇ ಬರೆದರು. ಈಗ ಧರ್ಮಪುರಿ, ಕೃಷ್ಣಗಿರಿ ಎರಡು ಜಿಲ್ಲೆಗೂ ಸೇರಿ 1997ರಲ್ಲಿ ಆದ ಧರ್ಮಪುರಿ ಧರ್ಮಪ್ರಾಂತ್ಯವಿದೆ. ಕಥೋಲಿಕರಲ್ಲಿ ಪಾದ್ರಿಗಳು ತಮಗೆ ಇಷ್ಟವಾದ ಕಥೆ ಆರಿಸಿಕೊಳ್ಳುವಂತಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಬಂದ ಮೂರು ವರ್ಷದ ಸುತ್ತಿನ ವಾಚನಪಟ್ಟಿ ಭಾನುವಾರಕ್ಕೆ ಇಂಥದ್ದು ಎಂದು ಮೊದಲೇ ಗೊತ್ತುಮಾಡಿರುತ್ತದೆ. ಹಳೆ ಒಡಂಬಡಿಕೆಯಿಂದ ಒಂದು, ಕೀರ್ತನೆ, ಪತ್ರ, ಕಡೆಗೆ ಶುಭಸಂದೇಶ. ಹತ್ತು ಹದಿನೈದು ನಿಮಿಷದ ಪ್ರಬೋಧನೆಯಲ್ಲಿ ಇವೆಲ್ಲವನ್ನೂ ಒಂದು ದಾರಕ್ಕೆ ಪೋಣಿಸಬೇಕು. ಮೂರು ಗಂಟೆ ಸಿಗುವ ಪ್ರಸಂಗಿ ಒಮ್ಮೆ ಈ ಕಷ್ಟ ಅನುಭವಿಸಿ ನೋಡಬೇಕು!

ತಪಸ್ಸುಕಾಲದ ಎರಡನೆಯ ಭಾನುವಾರ, ಮೂರು ವರ್ಷಕ್ಕೊಮ್ಮೆ, ಆದಿಕಾಂಡದ 22ನೆಯ ಅಧ್ಯಾಯ ಬರುತ್ತದೆ. ಇಲ್ಲಿ ಮಗ ಇಸಾಕ. ಕನಸಿಲ್ಲ, ಒಪ್ಪಿಗೆ ಕೇಳುವುದಿಲ್ಲ. ಬೆಂಕಿಯಿದೆ, ಸೌದೆಯಿದೆ, ಬಲಿಯ ಕುರಿ ಎಲ್ಲಿ ಎಂದು ಮಗನೇ ಕೇಳುತ್ತಾನೆ. ಕ್ರೈಸ್ತ ವ್ಯಾಖ್ಯಾನ ಮೊದಲ ಶತಮಾನಗಳಿಂದಲೂ ನಿಲ್ಲುವುದು ಸೌದೆಯ ಬಳಿ. ತನ್ನನ್ನು ಸುಡುವ ಸೌದೆಯನ್ನು ಹೊತ್ತು ಬೆಟ್ಟ ಹತ್ತುವ ಮಗನಲ್ಲಿ ಅದು ಶಿಲುಬೆ ಹೊತ್ತು ಬೆಟ್ಟ ಹತ್ತಿದ ಯೇಸುವನ್ನು ಕಾಣುತ್ತದೆ. ಹಿಂದಿನ ಕಥೆ ಮುಂದಿನದರ ನೆರಳು. ಯೆಹೂದಿಗಳು ಇದೇ ಅಧ್ಯಾಯ ಓದಿ ಮತ್ತೊಂದು ಕಡೆ ನಿಂತರು: ತಾಯಿ ಸಾರಾ ಎಲ್ಲಿ? ಬಲಿಯ ಕಥೆಯಲ್ಲಿ ಅವಳ ಸುಳಿವಿಲ್ಲ, ಮುಂದಿನ ಅಧ್ಯಾಯ ತೆರೆಯುವುದೇ ಅವಳ ಸಾವಿನಿಂದ. ಸುದ್ದಿ ಕಿವಿಗೆ ಬಿದ್ದು ಜೀವ ಹೋಯಿತೆಂದು ಅವರ ರಬ್ಬಿಗಳು ಆ ಖಾಲಿ ಜಾಗ ತುಂಬಿದರು.

ಒಂದೇ ಬೆಟ್ಟ, ಒಂದೇ ಚೂರಿ. ಒಬ್ಬರು ಮಗನ ಉತ್ತರದಲ್ಲಿ ನಿಂತರು, ಒಬ್ಬರು ಬೆನ್ನ ಮೇಲಿನ ಸೌದೆಯಲ್ಲಿ, ಇನ್ನೊಬ್ಬರು ಮನೆಯಲ್ಲುಳಿದ ತಾಯಿಯಲ್ಲಿ. ಮತಗಳನ್ನು ಹೋಲಿಸುವವರು ಸಾಮಾನ್ಯವಾಗಿ ಎಲ್ಲ ಕಥೆಯ ಸಾರ ಒಂದೇ ಎಂದು ಮುಗಿಸಿಬಿಡುತ್ತಾರೆ. ನನಗೆ ಅದು ಸೋಮಾರಿತನದ ಮಾತಾಗಿ ಕೇಳುತ್ತದೆ. ಸಾರ ಒಂದೇ ಆಗಿದ್ದರೆ ಇಷ್ಟು ಜನ ಇಷ್ಟು ಶತಮಾನ ಕೂತು ಬಿಡಿಸುತ್ತಿರಲಿಲ್ಲ.

ಕಥೆ ನಿಲ್ಲಿಸಿದವರಲ್ಲಿ ಈ ಸೀಮೆಯ ಅತಿ ದೊಡ್ಡ ಹೆಸರು ಯಾವ ಚಪ್ಪರದಡಿಯೂ ಕೂತವರದಲ್ಲ. ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ 1878ರ ಡಿಸೆಂಬರ್ 10ರಂದು ಹುಟ್ಟಿ, ಹೊಸೂರಿನ ಶಾಲೆಯಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಬಂದ ಹುಡುಗನೇ ಮುಂದೆ ದೇಶದ ಗವರ್ನರ್ ಜನರಲ್ ಆದ ರಾಜಾಜಿ. ಅವರು ತಮ್ಮ ಬದುಕಿನ ಕೆಲಸಗಳಲ್ಲಿ ಹೆಚ್ಚು ಬೆಲೆ ಕೊಟ್ಟದ್ದು ತಮಿಳಿನಲ್ಲಿ ಭಾರತ ರಾಮಾಯಣಗಳನ್ನು ಹೇಳಿದ್ದಕ್ಕೆ. 'ವ್ಯಾಸರ್ ವಿರುಂದು' ಮೊದಲು 'ಕಲ್ಕಿ' ವಾರಪತ್ರಿಕೆಯಲ್ಲಿ ಬಂತು. ಅವರ ಇಂಗ್ಲಿಷ್ ಮಹಾಭಾರತವನ್ನು 1951ರಲ್ಲಿ ಭಾರತೀಯ ವಿದ್ಯಾಭವನ ಪ್ರಕಟಿಸಿತು. ರಾಮಾಯಣ 'ಚಕ್ರವರ್ತಿ ತಿರುಮಗನ್' ಕೃತಿಗೆ 1958ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ಸಣ್ಣ ಸಣ್ಣ ಅಧ್ಯಾಯಗಳು, ಅಲ್ಲಲ್ಲಿ ಕಥೆಯನ್ನು ತಡೆದು ಓದುಗನ ಜೊತೆ ನಾಲ್ಕು ಮಾತು. ವಾಲ್ಮೀಕಿ ಹೀಗೆನ್ನುತ್ತಾನೆ, ಕಂಬನ್ ಹಾಗೆನ್ನುತ್ತಾನೆ ಎಂದು ಇಬ್ಬರನ್ನೂ ಎದುರುಬದುರು ಕೂರಿಸುತ್ತಾರೆ. ಶೈಲಿ ಅಚ್ಚಿನದು, ಜಾಡು ಪ್ರಸಂಗಿಯದೇ.

ಸೀತೆಯನ್ನು ಕಾಡಿಗೆ ಕಳುಹಿಸುವ ಕಡೆಗೆ ಬಂದಾಗ ಅವರು ನಿಂತುಬಿಟ್ಟರು. ಉತ್ತರಕಾಂಡವನ್ನು ಹೇಳಲೊಲ್ಲರು. ಅದರಲ್ಲಿ ಸೊಬಗಿದೆ, ಆದರೆ ನನ್ನ ಮನಸ್ಸು ಒಪ್ಪುವುದಿಲ್ಲ ಎಂದು ಬರೆದರು. ಆ ಕಥೆ ನಮ್ಮ ಹೆಂಗಸರ ದುಃಖ ತುಂಬಿದ ಕಲ್ಪನೆಯಿಂದ ಹುಟ್ಟಿರಬೇಕೆಂದರು. ರಾಮನನ್ನು ದೇವರೆಂದು ನಂಬಿದವರ ಮಾತಿದು. ದೇವರನ್ನು ಸಮರ್ಥಿಸಲು ಒಂದು ಸಮಾಧಾನ ಹೊಸೆಯುವುದು ಅಂಥ ಬುದ್ಧಿವಂತರಿಗೆ ಕಷ್ಟವಿರಲಿಲ್ಲ. ಅವರು ಶಂಕೆಯನ್ನು ಶಂಕೆಯಾಗಿಯೇ ಉಳಿಸಿ ಪುಸ್ತಕ ಮುಗಿಸಿದರು. ಹೊಸೂರಿನಿಂದ ಅಷ್ಟೇನೂ ದೂರವಲ್ಲದ ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ 1891ರಲ್ಲಿ ಹುಟ್ಟಿದ ಇನ್ನೊಬ್ಬ ಅಯ್ಯಂಗಾರರು, ಮನೆಯಲ್ಲಿ ತಮಿಳು ಆಡುತ್ತ ಕನ್ನಡದಲ್ಲಿ 'ಆದಿಕವಿ ವಾಲ್ಮೀಕಿ' ಬರೆದ ಮಾಸ್ತಿಯವರು, ಇದೇ ರಾಮಾಯಣದ ಮುಂದೆ ಜೀವಮಾನವಿಡೀ ಕೂತಿದ್ದರು. ಇಬ್ಬರ ಊರಿನ ನಡುವೆ ಈಗ ರಾಜ್ಯದ ಗಡಿ ಹಾದುಹೋಗಿದೆ, ಅಷ್ಟೇ.

ಇನ್ನು ನಿಮಗೆ ಒಂದು ಮಾತು. ಚೈತ್ರ ವೈಶಾಖದಲ್ಲಿ ಆ ಕಡೆ ಹೋದಾಗ ದ್ರೌಪದಿಯಮ್ಮನ ಹಬ್ಬದ ನೋಟೀಸು ಗೋಡೆಯ ಮೇಲೆ ಕಂಡರೆ ಕೊಂಡದ ದಿನಾಂಕವನ್ನಷ್ಟೇ ಬರೆದುಕೊಳ್ಳಬೇಡಿ. ದ್ಯೂತದ ಪ್ರಸಂಗ ಯಾವತ್ತು ಎಂದು ಗುಡಿಯವರನ್ನು ಕೇಳಿ. ಮಧ್ಯಾಹ್ನದ ಹೊತ್ತಿಗೇ ಹೋಗಿ, ಮುದುಕಿಯರ ಪಕ್ಕ ಕೂತುಕೊಳ್ಳಿ. ತಮಿಳು ತಿಳಿಯದಿದ್ದರೆ ಅವರಲ್ಲೊಬ್ಬರು ಕನ್ನಡದಲ್ಲೋ ತೆಲುಗಿನಲ್ಲೋ ಪಿಸುಗುಟ್ಟಿ ಹೇಳಿಯಾರು. ಚಾಪೆ ಮಾತ್ರ ಮನೆಯಿಂದಲೇ ಒಯ್ಯಿರಿ.